ಜಪಾನ್ ಅಮೆರಿಕವನ್ನು ನಿಜಕ್ಕೂ ಹಿಂದೆ ಹಾಕಿತ್ತಾ?

ವಿಶ್ವಬ್ಯಾಂಕಿನ ಪಟ್ಟಿಯಲ್ಲಿ 1995ರ ಲೆಕ್ಕ ನೋಡಿ. ಜಪಾನಿನ ತಲಾ ಜಿಡಿಪಿ, ಅಂದರೆ ದೇಶದ ವರ್ಷದ ಒಟ್ಟು ಉತ್ಪಾದನೆಯನ್ನು ತಲೆಗಿಷ್ಟು ಅಂತ ಹಂಚಿದ ಮೊತ್ತ, ಸುಮಾರು 44 ಸಾವಿರ ಡಾಲರ್. ಅಮೆರಿಕದ್ದು 29 ಸಾವಿರದ ಹತ್ತಿರ. ಈಗ ಅಮೆರಿಕ 80 ಸಾವಿರ ದಾಟಿದೆ, ಜಪಾನ್ 35 ಸಾವಿರದೊಳಗೇ ಇದೆ. ಮೂವತ್ತು ವರ್ಷದಲ್ಲಿ ಒಂದು ಶ್ರೀಮಂತ ದೇಶ ಇಷ್ಟು ಇಳಿದುಹೋಗುತ್ತಾ?

ಯುದ್ಧದಲ್ಲಿ ಸುಟ್ಟು ಬೂದಿಯಾಗಿದ್ದ ಜಪಾನ್ ಕಾರು, ಟಿವಿ, ಉಕ್ಕು ಮಾರುತ್ತಾ ಎರಡು ದಶಕದಲ್ಲಿ ಎದ್ದು ನಿಂತಿತು. 1949ರಿಂದ 1971ರವರೆಗೆ ಒಂದು ಡಾಲರಿಗೆ 360 ಯೆನ್ ಎಂದು ದರ ಕಟ್ಟಿಟ್ಟಿದ್ದರು. ಆಮೇಲೆ ಅದು ಸಡಿಲವಾಯಿತು. ಇಷ್ಟು ಪೀಠಿಕೆ ಸಾಕು.

ಅಸಲಿ ಕತೆ 1985ರ ಸೆಪ್ಟೆಂಬರಿನದು. ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಅಮೆರಿಕ, ಜಪಾನ್, ಪಶ್ಚಿಮ ಜರ್ಮನಿ, ಫ್ರಾನ್ಸ್, ಬ್ರಿಟನ್ ಕೂತು ಡಾಲರಿನ ಬೆಲೆ ಇಳಿಸಲು ಒಪ್ಪಿಕೊಂಡವು. ಡಾಲರ್ ದುಬಾರಿಯಾಗಿ ಅಮೆರಿಕದ ಸರಕು ಹೊರಗೆ ಖರ್ಚಾಗುತ್ತಿರಲಿಲ್ಲ, ಅದಕ್ಕೇ ಈ ಏರ್ಪಾಡು. ಆಗ ಡಾಲರಿಗೆ 240 ಯೆನ್ ಆಸುಪಾಸು. ಎರಡೂಕಾಲು ವರ್ಷದಲ್ಲಿ ಅದು ಹತ್ತಿರ ಹತ್ತಿರ 120ಕ್ಕೆ ಬಂತು.

ಸಾವಿರ ಯೆನ್‌ನ ಒಂದು ನೋಟು ಹಿಡಿದುಕೊಂಡು ನೋಡೋಣ. 1985ರಲ್ಲಿ ಅದಕ್ಕೆ ನಾಲ್ಕು ಡಾಲರ್ ಚಿಲ್ಲರೆ. 1987ರ ಕೊನೆಗೆ ಎಂಟು ದಾಟಿತು. 1995ರ ಏಪ್ರಿಲ್‌ನಲ್ಲಿ ಡಾಲರ್ 80 ಯೆನ್‌ಗೆ ಇಳಿದಾಗ ಹನ್ನೆರಡೂವರೆ. 2024ರ ಜುಲೈನಲ್ಲಿ ಡಾಲರ್ 160 ದಾಟಿದಾಗ ಆರು ಚಿಲ್ಲರೆ. ನೋಟು ಅದೇ, 1995ರಿಂದೀಚೆಗೆ ಸಂಬಳದ ಕವರೂ ಹೆಚ್ಚುಕಮ್ಮಿ ಅದೇ. ಯೆನ್ ಗಳಿಕೆಯನ್ನು ಆಯಾ ಹೊತ್ತಿನ ದರದಲ್ಲಿ ಡಾಲರಿಗೆ ತಿರುಗಿಸುವ ಪಟ್ಟಿಯಲ್ಲಿ ಮಾತ್ರ ಜಪಾನೀಯ ಒಮ್ಮೆ ಕುಬೇರ, ಒಮ್ಮೆ ಬಡವ. ಜಪಾನ್ 1987ರಲ್ಲಿ ಅಮೆರಿಕವನ್ನು ದಾಟಿದ್ದರಲ್ಲಿ ದುಡಿಮೆಯ ಪಾಲು ಎಷ್ಟು, ವಿನಿಮಯ ದರದ ಪಾಲು ಎಷ್ಟು ಅಂತ ಆಗ ಯಾರೂ ಜಾಸ್ತಿ ಕೇಳಲಿಲ್ಲ. 1989ರಲ್ಲಿ ಜಪಾನೀ ಕಂಪನಿಯೊಂದು ನ್ಯೂಯಾರ್ಕಿನ ಹೆಸರಾಂತ ಕಟ್ಟಡ ಸಮುಚ್ಚಯ ರಾಕ್‌ಫೆಲ್ಲರ್ ಸೆಂಟರಿನ ಒಡೆತನ ಕೊಂಡಾಗ ಅಮೆರಿಕನ್ನರೂ ಆ ಪಟ್ಟಿಯನ್ನೇ ನಂಬಿ ಗಾಬರಿಯಾದರು.

ಆಯಾ ಊರಿನ ಬೆಲೆಯಲ್ಲಿ ದುಡ್ಡಿಗೆ ಎಷ್ಟು ಸರಕು ಬರುತ್ತದೆ ಅಂತ ನೋಡುವ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಜಪಾನ್ ಅಮೆರಿಕವನ್ನು ಯಾವತ್ತೂ ದಾಟಿರಲಿಲ್ಲ. 1990ರ ಸುಮಾರಿಗೆ ಅಮೆರಿಕದ ನೂರಕ್ಕೆ ಎಂಬತ್ತರ ಮೇಲೆ ಮುಟ್ಟಿತ್ತು, ಈಗ ಅರವತ್ತರ ಆಸುಪಾಸು. ಹಿಂದೆ ಬಿದ್ದಿದ್ದು ನಿಜ, ಆದರೆ ಡಾಲರ್ ಪಟ್ಟಿ ಹೇಳುವಷ್ಟಲ್ಲ.

ಹಿಂದೆ ಬಿದ್ದದ್ದು ಯಾಕೆ? 1990ರ ನಂತರ ಬೇಕಾಬಿಟ್ಟಿ ಏರಿದ್ದ ಷೇರು, ಜಮೀನಿನ ಬೆಲೆಯ ಗುಳ್ಳೆ ಒಡೆಯಿತು. ಬ್ಯಾಂಕುಗಳು ಬಾರದ ಸಾಲವನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡವು. 1995ರ ಸುಮಾರಿಗೆ ದುಡಿಯುವ ವಯಸ್ಸಿನವರ ಸಂಖ್ಯೆಯೂ ಇಳಿಯತೊಡಗಿತು. ತಲಾ ಲೆಕ್ಕ ಹಾಕುವಾಗ ಎಂಬತ್ತು ವರ್ಷದ ಅಜ್ಜಿಯ ತಲೆಯನ್ನೂ ಎಣಿಸುತ್ತಾರಲ್ವಾ? ದುಡಿಯುವ ವಯಸ್ಸಿನವರಿಗಷ್ಟೇ ಹಂಚಿ ನೋಡಿದರೆ ಎರಡೂ ದೇಶಗಳ ಬೆಳವಣಿಗೆಯ ಅಂತರ ತುಂಬಾ ಕುಗ್ಗುತ್ತದೆ.

ಬೆಲೆಯೂ ಅಷ್ಟೇ, ನಿಂತಲ್ಲೇ ನಿಂತಿತು. ಗಾರಿಗಾರಿ ಕುನ್ ಅಂತ ಮಕ್ಕಳ ಐಸ್ ಕ್ಯಾಂಡಿ ಇದೆ. 2016ರಲ್ಲಿ, 25 ವರ್ಷದ ನಂತರ, ಅದರ ಬೆಲೆ 60ರಿಂದ 70 ಯೆನ್ ಆಯಿತು. ಕಂಪನಿಯವರು ಸಾಲಾಗಿ ನಿಂತು ತಲೆಬಾಗಿ ಕ್ಷಮೆ ಕೇಳುವ ಜಾಹೀರಾತು ಮಾಡಿದರು!

2024ರಲ್ಲಿ ಮೂರೂವರೆ ಕೋಟಿಗೂ ಜಾಸ್ತಿ ವಿದೇಶಿಯರು ಜಪಾನಿಗೆ ಬಂದರು. ಅವರಿಗೆ ಸಾವಿರ ಯೆನ್‌ನ ರಾಮೆನ್ ನೂಡಲ್ಸ್ ಬಟ್ಟಲು ತೀರಾ ಅಗ್ಗ. ಅದನ್ನು ಬಡಿಸುವವನಿಗೆ ಹವಾಯಿ ಪ್ರವಾಸ ಮಾತ್ರ ಕೈಗೆಟುಕುತ್ತಿಲ್ಲ.