ಘಾಟಲ್ಲಿ ನಿಲ್ಲೋ ಪದ್ಮಿನಿ: ಪೆಟ್ರೋಲಾ, ಕರೆಂಟಾ?

ಹಳೇ ಪ್ರೀಮಿಯರ್ ಪದ್ಮಿನಿ ಕಾರು ಗ್ಯಾರೇಜಿಗೆ ಬಂತು ಅಂದ್ರೆ ಓನರ್ ಬಾಯಲ್ಲಿ ಮೊದಲು ಬರೋ ಮಾತು "ಅಣ್ಣಾ, ಕಾರ್ಬೋರೇಟರ್ ಪ್ರಾಬ್ಲಮ್ ಅನ್ಸುತ್ತೆ, ಬಿಚ್ಚಿ ಕ್ಲೀನ್ ಮಾಡ್ಬಿಡಿ" ಅಂತ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಆ ಕಾರ್ಬೋರೇಟರನ್ನ ನಾನು ತಕ್ಷಣ ಬಿಚ್ಚಲ್ಲ. ಗಾಡಿ ಎಲ್ಲಿ ನಿಲ್ತು, ಹೆಂಗೆ ನಿಲ್ತು, ಎಷ್ಟು ಹೊತ್ತಾದ್ಮೇಲೆ ಮತ್ತೆ ಸ್ಟಾರ್ಟ್ ಆಯ್ತು ಅಂತ ಕೇಳ್ತೀನಿ, ಯಾಕಂದ್ರೆ ಅರ್ಧ ರೋಗ ಆ ಉತ್ತರದಲ್ಲೇ ಗೊತ್ತಾಗುತ್ತೆ. ಕೀ ಆಫ್ ಮಾಡಿದ ಥರ ಒಂದೇ ಸಲಕ್ಕೆ ಆಫ್ ಆಯ್ತು ಅಂದ್ರೆ ನನ್ನ ಅನುಮಾನ ಕರೆಂಟ್ ಮೇಲೆ. ಎಳೀತಾ ಎಳೀತಾ ಜರ್ಕ್ ಹೊಡೆದು, ಆಕ್ಸಿಲರೇಟರ್ ಒತ್ತಿದ್ರೂ ಉಸಿರು ಕಟ್ಟಿ ನಿಲ್ತು ಅಂದ್ರೆ ಪೆಟ್ರೋಲ್ ಮೇಲೆ.

ನನ್ನ ಹತ್ರ ತುಂಬಾ ಬರೋ ಕೇಸ್ ಇದು. ಧರ್ಮಸ್ಥಳಕ್ಕೆ ಹೋಗಿ ವಾಪಸ್ ಚಾರ್ಮಾಡಿ ಘಾಟಿ ಹತ್ತುವಾಗ, ಮಧ್ಯಾಹ್ನದ ಬಿಸಿಲು, ಸೆಕೆಂಡ್ ಗೇರು, ಮುಂದೆ ಲಾರಿ, ಅರ್ಧ ದಾರೀಲಿ ಗಾಡಿ ಆಫ್. ಸ್ವಲ್ಪ ಹೊತ್ತು ಬಾನೆಟ್ ಎತ್ತಿಟ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಮತ್ತೆ ಸ್ಟಾರ್ಟ್. ಊರಿಗೆ ಬಂದ್ಮೇಲೆ ಗ್ಯಾರೇಜಲ್ಲಿ ನೋಡಿದ್ರೆ ಎಲ್ಲಾ ಸರಿ ಇರುತ್ತೆ. ಇದಕ್ಕೆ ಕಾರಣ ಒಂದಲ್ಲ ಮೂರಿವೆ, ಮೂರೂ ಸ್ವಲ್ಪ ಹೊತ್ತು ನಿಲ್ಲಿಸಿದ್ರೆ ಮಾಯ ಆಗೋವು, ಅದಕ್ಕೇ ಗಾಡಿ ನಿಂತ ಆ ಕ್ಷಣದಲ್ಲೇ ಚೆಕ್ ಮಾಡ್ಬೇಕು.

ಮೊದಲು ಹಿಂದೆ ಹೋಗಿ ಟ್ಯಾಂಕ್ ಮುಚ್ಚಳ ಬಿಚ್ಚಿ. ಸೊಂಯ್ ಅಂತ ಗಾಳಿ ಒಳಗೆ ಎಳ್ಕೊಂಡ್ರೆ ಟ್ಯಾಂಕಿನ ಗಾಳಿ ಕಿಂಡಿ ಕಟ್ಕೊಂಡಿದೆ ಅಂತ ಅರ್ಥ, ಪೆಟ್ರೋಲ್ ಖಾಲಿ ಆದಷ್ಟೂ ಒಳಗೆ ವ್ಯಾಕ್ಯೂಮ್ ಆಗಿ ಪಂಪಿಗೆ ಎಳೆಯೋಕೇ ಆಗಲ್ಲ.

ಗಾಳಿ ಎಳೀಲಿಲ್ವಾ, ಬಾನೆಟ್ ಎತ್ತಿ, ಏರ್ ಫಿಲ್ಟರ್ ತೆಗೆದು, ಕಾರ್ಬೋರೇಟರ್ ಬಾಯೊಳಗೆ ನೋಡ್ತಾ ಆಕ್ಸಿಲರೇಟರ್ ಲಿಂಕ್ ಕೈಯಲ್ಲೇ ಎಳೀರಿ. ಸಣ್ಣ ತೂತಿನ ಜೆಟ್ಟಿಂದ ಪೆಟ್ರೋಲ್ ಚಿರ್ರ್ ಅಂತ ಚಿಮ್ಮಿದ್ರೆ ಕಾರ್ಬೋರೇಟರ್ ಬೌಲಲ್ಲಿ ಪೆಟ್ರೋಲ್ ಇದೆ, ಆ ಕಡೆ ಬಿಟ್ಟು ಡೆಲ್ಕೋ, ಅಂದ್ರೆ ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಕಡೆ ಹೋಗಿ. ಚಿಮ್ಲಿಲ್ಲ ಅಂದ್ರೆ ಪೆಟ್ರೋಲೇ ಬರ್ತಿಲ್ಲ. ಟ್ಯಾಂಕಿಂದ ಪೆಟ್ರೋಲ್ ಎಳೆಯೋ ಎಸಿ ಪಂಪ್ (ಕೂಲಿಂಗ್ ಎಸಿ ಅಲ್ಲ) ಇಂಜಿನ್ ಮೈಗೇ ಅಂಟ್ಕೊಂಡಿರೋದ್ರಿಂದ ಘಾಟಲ್ಲಿ ಕಾದು, ಪೈಪಲ್ಲಿರೋ ಪೆಟ್ರೋಲ್ ಆವಿ ಆಗ್ಬಿಡುತ್ತೆ, ಪಂಪ್ ಎಷ್ಟು ಒದ್ದರೂ ಆವೀನೇ ಹಿಂದೆ ಮುಂದೆ ಆಡ್ಸುತ್ತೆ. ಇದೇ ವೇಪರ್ ಲಾಕ್. ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತಿ ಬೇಗ ಸ್ಟಾರ್ಟ್ ಆದ್ರೆ ಅದೇ ಕಾರಣ, ಆದ್ರೆ ಡೆಲ್ಕೋ ಮೇಲೆ ನೀರು ಬೀಳದ ಹಂಗೆ ನೋಡ್ಕೊಳ್ಳಿ. ಪೈಪ್ ಬಿಸಿ ಹೊಗೆ ಹೋಗೋ ಎಕ್ಸಾಸ್ಟ್ ಮ್ಯಾನಿಫೋಲ್ಡಿಂದ ದೂರ ಹೋಗೋ ಥರ ಮಾಡೋದು, ಕಾರ್ಬೋರೇಟರ್ ಕೆಳಗಿನ ದಪ್ಪ ಬಿಸಿ ತಡೆಯೋ ಪ್ಯಾಕಿಂಗ್ ಸರಿಯಾಗಿದ್ಯಾ ನೋಡೋದು, ಇವೇ ಶಾಶ್ವತ ರಿಪೇರಿ. ಇದಕ್ಕೆ ಎಲೆಕ್ಟ್ರಿಕ್ ಪಂಪ್ ಹಾಕ್ಸೋರೂ ಇದಾರೆ, ಆದ್ರೆ ಪ್ರೆಶರ್ ಜಾಸ್ತಿ ಇರೋದು ಹಾಕಿದ್ರೆ ಬೌಲ್ ತುಂಬಿದಾಗ ಪೆಟ್ರೋಲ್ ನಿಲ್ಲಿಸೋ ಫ್ಲೋಟ್ ನೀಡಲ್ ತಡ್ಕೊಳ್ಳಲ್ಲ, ಕಾರ್ಬೋರೇಟರ್ ಉಕ್ಕಿ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತೆ, ನಾನಂತೂ ಹಾಕ್ಕೊಡಲ್ಲ.

ಪೆಟ್ರೋಲ್ ಬರ್ತಿದೆ ಆದ್ರೂ ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಮೂರನೇ ಕಾರಣ, ಬಿಸಿಗೆ ಕೈ ಕೊಡೋ ಕಾಯಿಲ್ (ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡೋದು) ಅಥವಾ ಕಂಡೆನ್ಸರ್ (ಪಾಯಿಂಟ್ ಸುಡದ ಹಂಗೆ ಕಿಡಿ ತಡೆಯೋದು). ಡೆಲ್ಕೋ ಮುಚ್ಚಳ ತೆಗೆದು, ಯಾರಾದ್ರೂ ಸೆಲ್ಫ್ ಹೊಡೀವಾಗ ಕರೆಂಟ್ ಕಟ್ ಮಾಡಿ ಸೇರಿಸೋ ಪಾಯಿಂಟ್ ಮಧ್ಯ ದೊಡ್ಡ ಕಿಡಿ ಹಾರ್ತಿದ್ರೆ, ಪಾಯಿಂಟ್ ಮುಖ ಸುಟ್ಟು ನೀಲಿ ಆಗಿದ್ರೆ ಕಂಡೆನ್ಸರ್ ಹೋಗಿದೆ. ಇಷ್ಟು ಸಣ್ಣ ಐಟಂಗೋಸ್ಕರ ಜನ ಕಾರ್ಬೋರೇಟರ್ ಕಿಟ್ ಮೇಲೆ ಕಿಟ್ ಹಾಕ್ಸಿರೋದು ನೋಡಿ ಹೊಟ್ಟೆ ಉರಿಯುತ್ತೆ. ಪಾಯಿಂಟ್ ಗ್ಯಾಪ್ 0.4ರಿಂದ 0.5 ಮಿಲಿಮೀಟರ್ ಒಳಗೆ, ಪ್ಲಗ್ ಗ್ಯಾಪ್ 0.6ರ ಹತ್ರ ಇಟ್ಟು, ಟೈಮಿಂಗ್ (ಕಿಡಿ ಹಾರೋ ಸಮಯ) ಕೂರಿಸಿದ್ಮೇಲೇನೇ ಮಿಕ್ಸ್ಚರ್ ಸ್ಕ್ರೂ ಮುಟ್ಟಿ. ಪಿಕಪ್ ಇಲ್ಲ ಅನ್ನೋ ಎಷ್ಟೋ ಗಾಡಿಗಳಲ್ಲಿ ಸ್ಪೀಡ್ ಏರಿದಾಗ ಕಿಡಿ ಬೇಗ ಹಾರಿಸೋ, ಡೆಲ್ಕೋ ಒಳಗಿನ ಅಡ್ವಾನ್ಸ್ ವೆಯ್ಟ್‌ಗಳು ತುಕ್ಕು ಹಿಡಿದು ಜಾಮ್ ಆಗಿರುತ್ತೆ ಅಷ್ಟೇ.

ಈಗ ಹೊಸದಾಗಿ ಸೇರಿರೋ ತಲೆನೋವು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಪದ್ಮಿನಿಯ 1089 ಸಿಸಿ ಇಂಜಿನ್ನು ಎಥನಾಲ್ ಇಲ್ಲದ ಕಾಲದ್ದು. ಬರೀ ಪೆಟ್ರೋಲಿಗೆ, ತೂಕದ ಲೆಕ್ಕದಲ್ಲಿ, ಒಂದು ಭಾಗಕ್ಕೆ ಸುಮಾರು 14.7 ಭಾಗ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು, ಅಂದ್ರೆ ಅದೇ ಜೆಟ್ ಇಟ್ರೆ ಮಿಕ್ಸ್ಚರ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಆಗುತ್ತೆ. ಏರಲ್ಲಿ ಎಳೆಯಲ್ಲ, ಇಂಜಿನ್ ಜಾಸ್ತಿ ಕಾಯುತ್ತೆ, ಪ್ಲಗ್ ತುದಿ ಬೆಳ್ಳಗೆ ಕಾಣುತ್ತೆ. ಬಿಸ್ಕತ್ ಕಲರ್ ಇದ್ರೆ ಸರಿ, ಮಸಿ ಕಪ್ಪು ಇದ್ರೆ ರಿಚ್ (ಪೆಟ್ರೋಲ್ ಜಾಸ್ತಿ). ಸೋಲೆಕ್ಸ್ ಕಾರ್ಬೋರೇಟರಿನ ಜೆಟ್ ಮೇಲಿನ ನಂಬರ್ ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ. ಉದಾಹರಣೆಗೆ 115 ತೆಗೆದು 120 ಹಾಕಿದ್ರೆ ತೂತಿನ ಏರಿಯಾ ಸುಮಾರು 9 ಪರ್ಸೆಂಟ್ ಜಾಸ್ತಿ ಆಗುತ್ತೆ, ಇ20ಗೆ ಬೇಕಾಗಿರೋದೂ ಹೆಚ್ಚು ಕಮ್ಮಿ ಅಷ್ಟೇ. ಒಂದೊಂದೇ ಸೈಜ್ ಏರಿಸಿ ಪ್ಲಗ್ ನೋಡಿ, ಜೆಟ್ಟಿಗೆ ತಂತಿ ಚುಚ್ಚಿ ಮಾತ್ರ ದಯವಿಟ್ಟು ದೊಡ್ಡದು ಮಾಡ್ಬೇಡಿ, ತೂತು ಕೆಟ್ಟೋಗುತ್ತೆ. ಕ್ಲೀನಿಂಗಿಗೂ ಗಾಳಿ ಹೊಡೆದ್ರೆ ಸಾಕು.

ಎಥನಾಲ್ ಹಳೇ ಟ್ಯಾಂಕಿನ ಗೋಂದು ತುಕ್ಕು ಎಲ್ಲಾ ಕಿತ್ತು ಫಿಲ್ಟರಿಗೆ ತರುತ್ತೆ, ನೀರನ್ನೂ ಎಳ್ಕೊಳ್ಳುತ್ತೆ, ನೀರು ಜಾಸ್ತಿ ಆದ್ರೆ ಎರಡೂ ಸೇರಿ ಪೆಟ್ರೋಲಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ, ಪೈಪ್ ಎಳೆಯೋದೂ ತಳದಿಂದಾನೇ. ಕರಾವಳಿ ಕಡೆಯೋರು ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸ್ಬೇಡಿ. ಹಳೇ ರಬ್ಬರ್ ಪೈಪ್ ಊದ್ಕೊಂಡು ಬಿರುಕು ಬಿಡುತ್ತೆ, ಎಥನಾಲ್ ತಡ್ಕೊಳ್ಳೋ, ಆರ್9 ಅಂತ ಮಾರ್ಕ್ ಇರೋದು ಕೇಳಿ ಹಾಕ್ಸಿ.

ಎಸಿ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಬಗ್ಗೆ ಮಾತ್ರ ಹುಷಾರಾಗಿರಿ. ಅದು ಹರಿದ್ರೆ ಪೆಟ್ರೋಲ್ ಸೀದಾ ಇಂಜಿನ್ ಆಯಿಲಿಗೆ ಇಳಿಯುತ್ತೆ, ಎಷ್ಟೋ ಸಲ ಹೊರಗೆ ಒಂದು ಹನೀನೂ ಕಾಣಲ್ಲ. ಘಾಟಿಗೆ ಹೊರಡೋ ಮುಂಚೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ, ಲೆವೆಲ್ ತಾನಾಗೇ ಏರಿದ್ರೆ ಅಥವಾ ಪೆಟ್ರೋಲ್ ವಾಸನೆ ಬಂದ್ರೆ ಗಾಡಿ ಸ್ಟಾರ್ಟ್ ಮಾಡ್ಲೇಬೇಡಿ, ಪಂಪ್ ಬದಲಾಯಿಸಿ, ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿ.