ಕುಂಬಳಕಾಯಿ ಬಿಯರ್‌ನಲ್ಲಿ ಕುಂಬಳಕಾಯಿ ಎಲ್ಲಿ?

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಸೆಪ್ಟೆಂಬರ್ ಬಂತೆಂದರೆ ಇಲ್ಲಿ ಅಂಗಡಿ ತುಂಬ ಪಂಪ್‌ಕಿನ್ ಬಿಯರ್. ತಂದು ಕುಡಿದರೆ ಕುಂಬಳಕಾಯಿ ರುಚಿಯೇ ಇಲ್ಲ, ಬರೀ ಚಕ್ಕೆ, ಲವಂಗ. ಇದು ಮೋಸ ಅಲ್ವಾ? ಒಳ್ಳೆಯದನ್ನು ಗುರುತಿಸುವುದು ಹೇಗೆ?

ಉತ್ತರ: ಪ್ರತಿ ವರ್ಷವೂ ಇದೇ ಪ್ರಶ್ನೆ, ಇದೇ ಸಿಟ್ಟು. ಮೋಸ ಅಲ್ಲ ಮಾರಾಯರೇ.

ಸಿಹಿಗುಂಬಳದಲ್ಲಿ ನೂರಕ್ಕೆ ಹೆಚ್ಚುಕಡಿಮೆ 90 ಪಾಲು ನೀರೇ. ಮಿಕ್ಕಿದ್ದರಲ್ಲಿ ಒಂದಿಷ್ಟು ಪಿಷ್ಟ, ಒಂದಿಷ್ಟು ಸಕ್ಕರೆ. ಸುಟ್ಟ ಕಾಯಿಯನ್ನು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಂಥ ಧಾನ್ಯ) ಜೊತೆ ಬಿಸಿನೀರಿನಲ್ಲಿ ನೆನೆಹಾಕಿದರೆ ಪಿಷ್ಟವೂ ಸಕ್ಕರೆಯಾಗುತ್ತದೆ. ಆಮೇಲೆ ಯೀಸ್ಟ್ ಬಂದು ಆ ಸಕ್ಕರೆಯನ್ನೆಲ್ಲ ತಿಂದು ಮದ್ಯ ಮಾಡುತ್ತದೆ. ಕಾಯಿಯ ಸಿಹಿ ಅಲ್ಲಿಗೆ ಮುಗಿಯಿತು. ಉಳಿಯುವುದು ಬಾಯಿಗೆ ಸ್ವಲ್ಪ ದಪ್ಪ ಅನ್ನಿಸುವ ಗುಣ, ಮಣ್ಣಿನಂಥ ತೆಳು ವಾಸನೆ. ಮನೆಯಲ್ಲಿ ಕುಂಬಳಕಾಯಿ ಹುಳಿ ಉಂಡು ‘ಘಮ್ ಅಂತಿದೆ’ ಅನ್ನುತ್ತೀರಲ್ಲ, ಆ ಘಮ ಕಾಯಿಯದೋ ಹುರಿದ ಮಸಾಲೆಯದೋ? ನೀವೇ ಹೇಳಿ.

‘ಹಿಂದಿನ ಕಾಲದ ಬಿಯರ್‌ನಲ್ಲಿ ಅಸಲಿ ಕುಂಬಳ ಇತ್ತು, ಈಗಿನವರು ಮಸಾಲೆ ಸುರಿದು ಕೆಡಿಸಿದರು’ ಅಂತ ವಾದಿಸುವವರೂ ಇದ್ದಾರೆ. ಕಾಯಿ ಇತ್ತು, ನಿಜ. ಆದರೆ ಅಮೆರಿಕದ ಆ ಮೊದಲ ವಲಸಿಗರಿಗೆ ಮಾಲ್ಟ್ ಸಿಗುವುದು ಕಷ್ಟವಾಗಿತ್ತು. ಕೈಗೆ ಸಿಕ್ಕ ಕುಂಬಳವನ್ನು ಸಕ್ಕರೆ ಅಂಶಕ್ಕಾಗಿ ಹಾಕಿದರು, ರುಚಿಗಲ್ಲ. ಈಗಿನ ಪಂಪ್‌ಕಿನ್ ಬಿಯರ್ ಶುರುವಾಗಿದ್ದು 1980ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಹೇವರ್ಡ್‌ನ ಬಫಲೋ ಬಿಲ್ಸ್ ಬ್ರೂವರಿಯಲ್ಲಿ. ಅದರ ಸ್ಥಾಪಕ ಬಿಲ್ ಓವೆನ್ಸ್ ಕುಂಬಳ ಹಾಕಿಯೇ ಮಾಡಿದರು. ಕುಂಬಳದ ರುಚಿ ಬರಲಿಲ್ಲ. ಕೊನೆಗೆ ಪಂಪ್‌ಕಿನ್ ಪೈ ಕಡುಬಿಗೆ ಹಾಕುವ ಮಸಾಲೆಯನ್ನೇ ತಂದು ಬೆರೆಸಿದರು. ಅಂದರೆ ನಿಮ್ಮ ದೂರು ಅವರಿಗೇ ಮೊದಲು ಬಂದಿತ್ತು! ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿ ಸ್ಪರ್ಧೆಗಳಿಗೆ ಮಾಡಿರುವ ನಿಯಮವೂ ಇದನ್ನೇ ಹೇಳುತ್ತದೆ: ಕುಂಬಳದ ಬಿಯರ್ ಸೇರುವ ಶರತ್ಕಾಲದ ಬಿಯರ್ ವರ್ಗಕ್ಕೆ ಮಸಾಲೆ ಕಡ್ಡಾಯ, ಕುಂಬಳ ರೂಢಿ ಮಾತ್ರ.

ಇನ್ನು ರುಚಿ ನೋಡುವುದು. ಫ್ರಿಜ್ಜಿನಿಂದ ತೆಗೆದ ತಕ್ಷಣ ಕುಡಿಯಬೇಡಿ, ತಣ್ಣಗಿದ್ದರೆ ಮೂಗಿಗೆ ಏನೂ ಸಿಗುವುದಿಲ್ಲ. 10–12 ಡಿಗ್ರಿ ಸೆಲ್ಸಿಯಸ್‌ಗೆ ಬರಲಿ. ಲೋಟದ ಅಂಚಿಗೆ ಚಕ್ಕೆ-ಸಕ್ಕರೆ ಮೆತ್ತಿಕೊಟ್ಟರೆ ಬೇಡ ಅನ್ನಿ, ಅದರ ಮೇಲೆ ಬಿಯರ್ ಹೇಗಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ಲೋಟದ ಬಾಯಿಗೆ ಅಂಗೈ ಮುಚ್ಚಿ, ಒಂದು ಸುತ್ತು ತಿರುಗಿಸಿ, ಮೂಸಿ. ಮೊದಲು ಸುಟ್ಟ ಬ್ರೆಡ್ಡು, ಕ್ಯಾರಮೆಲ್ ಥರದ ಮಾಲ್ಟ್ ಬರಬೇಕು, ಮಸಾಲೆ ಅದರ ಹಿಂದೆ ಬರಬೇಕು. ನುಂಗಿದ ಮೇಲೆ ನಾಲಿಗೆ ಜುಮ್ಮೆಂದು ಮರಗಟ್ಟಿದರೆ ಲವಂಗ ಜಾಸ್ತಿ. ಗಂಟಲಲ್ಲಿ ಪುಡಿ ಕೂತಂತೆ ಒಗರಾದರೆ ಚಕ್ಕೆಪುಡಿಯನ್ನು ತುಂಬ ಹೊತ್ತು ಕುದಿಸಿದ್ದಾರೆ. ಬಿಜೆಸಿಪಿಯ 50 ಅಂಕದಲ್ಲಿ ರುಚಿಗೆ 20, ಪರಿಮಳಕ್ಕೆ 12. ನೋಟಕ್ಕೆ ಬರೀ 3, ಹಾಗಾಗಿ ಕಿತ್ತಳೆ ಬಣ್ಣ ನೋಡಿ ಮರುಳಾಗಬೇಡಿ.

ಲವಂಗ ಅಂದಾಗ ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳುತ್ತೇನೆ. ಲವಂಗದ ವಾಸನೆ ಬಂದ ಕೂಡಲೇ ಲವಂಗ ಹಾಕಿದ್ದಾರೆ ಅಂದುಕೊಳ್ಳಬಾರದು. ಊರಿಗೆ ಬಂದಾಗ ಬೆಂಗಳೂರಿನ ಬ್ರೂಪಬ್‌ನಲ್ಲಿ ಜರ್ಮನ್ ಶೈಲಿಯ ಗೋಧಿ ಬಿಯರ್ ತರಿಸಿ ಮೂಸಿ ನೋಡಿ. ಬಾಳೆಹಣ್ಣು, ಲವಂಗ ಎರಡೂ ಬರುತ್ತವೆ. ಎರಡನ್ನೂ ಯಾರೂ ಹಾಕಿರುವುದಿಲ್ಲ, ಆ ಜಾತಿಯ ಯೀಸ್ಟೇ ಹುದುಗುವಾಗ ಹುಟ್ಟಿಸುತ್ತದೆ. ಕುಂಬಳದ ಬಿಯರ್‌ಗೂ ಕೆಲವರು ಇಂಥ ಯೀಸ್ಟ್ ಬಳಸುತ್ತಾರೆ. ಆಗ ಮಸಾಲೆಯನ್ನು ದೂರುವ ಮೊದಲು ಲೇಬಲ್ ಓದಿ.