ಗುಂಡು ಬಲ್ಬಿಗೆ ಕೆಂಪಾಗುವ ಕಲ್ಲು

ಮಂಗಳೂರಿನ ರಥಬೀದಿಯ ಚಿನ್ನದಂಗಡಿಗಳಲ್ಲಿ ಈಗ ಎಲ್ಲಿ ನೋಡಿದರೂ ಬಿಳಿ ಎಲ್‌ಇಡಿ. ಚಿನ್ನಕ್ಕೆ ಅದು ಚೆಂದವೇ. ಆದರೆ ನನ್ನ ಹರಳು ಪರೀಕ್ಷೆಯ ಮೇಜಿನ ಮೇಲೆ ಹಳೆಯ ಗುಂಡು ಬಲ್ಬೊಂದನ್ನು ಉಳಿಸಿಕೊಂಡಿದ್ದೇನೆ.

ಕಳೆದ ಮಳೆಗಾಲದಲ್ಲಿ ಉಡುಪಿಯಿಂದ ಒಬ್ಬರು ಕಾಗದದ ಪೊಟ್ಟಣ ಬಿಚ್ಚಿದರು. ಒಳಗೆ ಕಡು ಹಸಿರಿನ, ಕೊಯ್ಯದ ಕಲ್ಲು. "ಬಣ್ಣ ಬದಲಾಗ್ತದೆ ಅಂತ ಭಾವ ಕೊಟ್ಟದ್ದು. ಮನೆಯ ಟ್ಯೂಬ್‌ಲೈಟಿನಲ್ಲಿ ಎಂತದೂ ಆಗ್ಲಿಲ್ಲ ಮಾರಾಯ್ರೆ!"

ಕಿಟಕಿ ಮುಚ್ಚಿ ಗುಂಡು ಬಲ್ಬ್ ಹಾಕಿದೆ. ಕಲ್ಲು ಕೋಕಂ ಶರಬತ್ತಿನ ಬಣ್ಣಕ್ಕೆ ತಿರುಗಿತು.

ಬಣ್ಣ ನೋಡಿದ ಕೂಡಲೇ ಹೆಸರು ಹೇಳುವಂತಿಲ್ಲ. ವೆನೇಡಿಯಂ ಬೆರೆಸಿ ಕಾರ್ಖಾನೆಯಲ್ಲಿ ಮಾಡಿದ ಕುರುಂದವೂ (ಮಾಣಿಕ್ಯ, ನೀಲಗಳ ಖನಿಜ) ಬಣ್ಣ ಬದಲಿಸುತ್ತದೆ. ಅದನ್ನು, ಬಣ್ಣ ಬದಲಿಸುವುದಕ್ಕೇ ಹೆಸರಾದ ಅಲೆಕ್ಸಾಂಡ್ರೈಟ್ ಹರಳು ಅಂತ ಮಾರುವವರು ಬೇಕಾದಷ್ಟಿದ್ದಾರೆ. ಕೊಯ್ಯದ ಕಲ್ಲಿಗೆ ಪಾಲಿಶ್ ಆದ ಮುಖ ಇರುವುದಿಲ್ಲ. ಹಾಗಾಗಿ ಬೆಳಕು ಎಷ್ಟು ಬಾಗುತ್ತದೆ ಎಂದು ಅಳೆಯುವ ಉಪಕರಣ ಇಲ್ಲಿ ಕೈಕೊಡುತ್ತದೆ. ನಾನು ನೀರಿನಲ್ಲಿ ತೂಗಿದೆ. ಗಾಳಿಯಲ್ಲಿ 11.20 ಕ್ಯಾರೆಟ್, ನೀರಿನಲ್ಲಿ 8.20. ಕಡಿಮೆಯಾದದ್ದು 3. ಗಾಳಿಯಲ್ಲಿನ ತೂಕವನ್ನು ಅದರಿಂದ ಭಾಗಿಸಿದರೆ 3.73, ಅಂದರೆ ಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಇಷ್ಟು ಪಟ್ಟು ಭಾರ. ಕುರುಂದವಾಗಿದ್ದರೆ 4ರ ಹತ್ತಿರ ಬರಬೇಕಿತ್ತು. ಇದು ಕ್ರೈಸೊಬೆರಿಲ್ ಎಂಬ ಖನಿಜದ ಲೆಕ್ಕ. ಅದರಲ್ಲಿ ಹೀಗೆ ಬಣ್ಣ ಬದಲಿಸುವುದೇ ಅಲೆಕ್ಸಾಂಡ್ರೈಟ್. ಜ್ಯೋತಿಷಿಗಳು ಕೇತುವಿಗೆ ಹೇಳುವ ವೈಡೂರ್ಯವೂ ಇದೇ ಖನಿಜ, ನೋಟ ಬೇರೆ ಅಷ್ಟೇ.

ಬಣ್ಣ ಬದಲಾಗುವುದಕ್ಕೆ ಕಾರಣ ಒಳಗಿರುವ ಚೂರೇ ಚೂರು ಕ್ರೋಮಿಯಂ. ಅದು ಬೆಳಕಿನ ಹಳದಿ ಪಾಲನ್ನು ನುಂಗಿ, ಹಸಿರನ್ನೂ ಕೆಂಪನ್ನೂ ಬಿಟ್ಟುಕೊಡುತ್ತದೆ. ಹಗಲಿನಲ್ಲಿ ಹಸಿರು, ನೀಲಿ ಧಾರಾಳ, ಅಲ್ವಾ? ಆಗ ಹಸಿರು ಗೆಲ್ಲುತ್ತದೆ. ಎಣ್ಣೆದೀಪ, ಗುಂಡು ಬಲ್ಬಿನಲ್ಲಿ ಕೆಂಪೇ ಜಾಸ್ತಿ. ಬಿಳಿ ಟ್ಯೂಬ್‌ಲೈಟಿನಲ್ಲಿ ಆ ಕೆಂಪು ಸಾಲುವುದಿಲ್ಲ. 1830ರ ದಶಕದಲ್ಲಿ ರಷ್ಯಾದ ಉರಲ್ ಬೆಟ್ಟಗಳಲ್ಲಿ ಇದು ಸಿಕ್ಕಿದಾಗ ಮನೆಗಳಲ್ಲಿ ಇದ್ದದ್ದು ಬೆಂಕಿಯ ಬೆಳಕೇ. ಮುಂದೆ ಎರಡನೇ ಅಲೆಕ್ಸಾಂಡರ್ ಆದ ಯುವರಾಜನ ಹೆಸರನ್ನೇ ಇಟ್ಟರು.

"ಕೊಯ್ಸಿ ಉಂಗುರ ಮಾಡ್ಲಿಕ್ಕೆ ಆಗ್ತದಾ?" ಎಂದರು.

ಬೇಡ ಅಂದೆ. ಭೂತಗನ್ನಡಿ ಕೊಟ್ಟು ಅಂಚು ನೋಡಲು ಹೇಳಿದೆ. ಆರು ಮೂಲೆಯ ಬಿಲ್ಲೆಯಂತೆ ಕಾಣುವ ಅದು ಒಂದೇ ಹರಳಲ್ಲ. ಮೂರು ಹರಳುಗಳು ಒಂದರೊಳಗೊಂದು ಹೊಕ್ಕು ಬೆಳೆದಿವೆ. ಕೂಡಿದಲ್ಲಿ ಸಣ್ಣ ಕಚ್ಚುಗಳು. ಮುಖದ ಮೇಲೆ ತೆಂಗಿನ ಗರಿಯ ಹಾಗೆ ಎರಡೂ ಕಡೆಗೆ ಓರೆಯಾದ ಗೆರೆಗಳು. ಬಿರುಕೂ ಇದೆ. ಕೊಯ್ದರೆ ಅರ್ಧಕ್ಕಿಂತ ಹೆಚ್ಚು ಪುಡಿಯಾಗಿ ಹೋಗುತ್ತದೆ, ಉಳಿದದ್ದು ಮಸುಕಾದ ಸಣ್ಣ ಹರಳು. ಎಲ್ಲ ಕಲ್ಲಿಗೂ ಈ ಮಾತು ಹೇಳುವವನಲ್ಲ ನಾನು. ಶುದ್ಧವಾದ ತುಂಡಾಗಿದ್ದರೆ ಖುಷಿಯಿಂದ ಕೊಯ್ಯಲು ಕಳಿಸುತ್ತಿದ್ದೆ.

ಅವರು ಬಹಳ ಹೊತ್ತು ಕಿಟಕಿಗೂ ಬಲ್ಬಿಗೂ ಓಡಾಡಿದರು. ಕೊನೆಗೆ, ದೇವರ ಕೋಣೆಯಲ್ಲಿ ದೀಪದ ಪಕ್ಕ ಇಡುತ್ತೇನೆ ಎಂದರು. ಎಣ್ಣೆ ತಾಗಿದರೆ ಸೋಪಿನ ನೀರಲ್ಲಿ ಮೆತ್ತಗೆ ತೊಳೆಯಿರಿ ಅಂತ ಹೇಳಿ ಪೊಟ್ಟಣ ಕಟ್ಟಿಕೊಟ್ಟೆ.